ಬಾಟಲ್ ಪಾಸಿಟಿವ್ ಬಂದಿದೆ ಅಂತ ಫೋನ್ ಮಾಡಿದವರಿಗೆ

ಈ ತಿಂಗಳ ಕೊನೆಗೆ ನಾನು ನಿವೃತ್ತಳಾಗುತ್ತಿದ್ದೇನೆ. ಬೀಳ್ಕೊಡುಗೆ ಸಭೆಯಲ್ಲಿ ನಾಲ್ಕು ಮಾತು ಆಡಿದೆ, ಅಷ್ಟೇ. ನಾನು ಮುಖ್ಯವಾಗಿ ಥ್ಯಾಂಕ್ಸ್ ಹೇಳಬೇಕಾದವರಲ್ಲಿ ಜಾಸ್ತಿ ಜನ ಆ ಹಾಲ್‌ನಲ್ಲಿ ಇರಲೇ ಇಲ್ಲ. ಡ್ಯೂಟಿಯಲ್ಲಿದ್ದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾದರೂ ಓದಿ.

ಸೋಂಕು ರೋಗಗಳ ಡಾಕ್ಟರ್ ಅಂದರೆ ಏನು ಮಾಡ್ತಾರೆ ಅಂತ ಜನ ಕೇಳುತ್ತಲೇ ಇರುತ್ತಾರೆ. ನಾವು ಆಪರೇಷನ್ ಮಾಡುವುದಿಲ್ಲ. ನಮ್ಮದೇ ಅಂತ ಒಂದು ದೊಡ್ಡ ಮಶಿನ್ ಕೂಡ ಇಲ್ಲ. ಜ್ವರ ಇಳಿಯುತ್ತಿಲ್ಲ, ಗಾಯ ಮಾಯುತ್ತಿಲ್ಲ, ಯಾವ ಔಷಧಿಗೂ ಬಗ್ಗುತ್ತಿಲ್ಲ ಅಂತ ಬೇರೆ ವಿಭಾಗದವರು ಕರೆಯುತ್ತಾರೆ, ನಾವು ಹೋಗಿ ರೋಗಿಯ ಪಕ್ಕ ಕೂತು ಪ್ರಶ್ನೆ ಕೇಳುತ್ತೇವೆ, ತಲೆಯಿಂದ ಕಾಲಿನವರೆಗೆ ನೋಡುತ್ತೇವೆ, ಆಮೇಲೆ ಲ್ಯಾಬ್‌ನವರ ಮಾತಿಗೆ ಕಾಯುತ್ತೇವೆ. ನಮ್ಮ ಹೆಸರಿಗೆ ಬಂದ ಒಳ್ಳೆಯದೆಲ್ಲ ಇನ್ನೊಬ್ಬರ ಕೈ ದಾಟಿ ಬಂದದ್ದೇ. ಇದು ವಿನಯಕ್ಕೆ ಹೇಳುವ ಮಾತಲ್ಲ, ಕೆಲಸ ನಡೆಯುವ ರೀತಿಯೇ ಹಾಗೆ.

ಮೊದಲು ಸಿಸ್ಟರ್‌ಗಳು. ರಾತ್ರಿ ಎರಡು ಗಂಟೆಗೆ ಬಿಪಿ ಕುಸಿದ ರೋಗಿಯೊಬ್ಬರು ಬರುತ್ತಾರೆ. ಸೆಪ್ಸಿಸ್ ಆಗಿ, ಅಂದರೆ ಸೋಂಕಿಗೆ ದೇಹ ಹದ ತಪ್ಪಿ ಅಂಗಾಂಗಗಳೇ ಕೆಡತೊಡಗಿ, ಬಿಪಿ ಬಿದ್ದಿದ್ದರೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಹೋಗಬೇಕು. ಆದರೆ ಅದಕ್ಕೂ ಮುಂಚೆ ಬ್ಲಡ್ ಕಲ್ಚರ್ ತೆಗೆಯಬೇಕು, ಅಂದರೆ ಯಾವ ಬ್ಯಾಕ್ಟೀರಿಯಾ ಇದೆ ಅಂತ ಬೆಳೆಸಿ ನೋಡಲು ರಕ್ತವನ್ನು ಬಾಟಲಿಗೆ ಹಾಕಿ ಲ್ಯಾಬ್‌ಗೆ ಕಳಿಸಬೇಕು. ಔಷಧಿ ಒಳಗೆ ಹೋದ ಮೇಲೆ ಬಾಟಲಿಯಲ್ಲಿ ಏನೂ ಬೆಳೆಯದೇ ಹೋಗಬಹುದು. ಚರ್ಮ ಒರೆಸಬೇಕು, ಒರೆಸಿದ್ದು ಒಣಗುವವರೆಗೆ ಕಾಯಬೇಕು, ಎರಡು ಬೇರೆ ಬೇರೆ ಜಾಗದಿಂದ ತೆಗೆಯಬೇಕು, ದೊಡ್ಡವರಿಗಾದರೆ ಒಂದೊಂದು ಬಾಟಲಿಗೂ 8ರಿಂದ 10 ಮಿಲಿ ರಕ್ತ ಬೀಳಬೇಕು. ಸುತ್ತ ಎಲ್ಲರೂ ಬೇಗ ಬೇಗ ಅಂತ ಕೂಗುತ್ತಿರುವಾಗ ಆ ಚರ್ಮ ಒಣಗಲಿ ಅಂತ ನಿಲ್ಲುವ ಅರ್ಧ ನಿಮಿಷ ಇದೆಯಲ್ಲ, ಅದಕ್ಕೆ ಗಟ್ಟಿ ಮನಸ್ಸು ಬೇಕು. ಅಲ್ಲಿ ಅವಸರ ಮಾಡಿದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಬಾಟಲಿಗೆ ಸೇರಿ, ಎರಡು ದಿನ ಆದ ಮೇಲೆ ನಾವೆಲ್ಲ ಇಲ್ಲದ ರೋಗದ ಬೆನ್ನು ಹತ್ತುತ್ತೇವೆ. ಇಂಥ ಎಷ್ಟೋ ರಾತ್ರಿ ನಾನು ಮನೆಯಲ್ಲಿ ಮಲಗಿದ್ದೆ. ನೀವು ಎಚ್ಚರ ಇದ್ದಿರಿ. ನಿಮಗೆ ನನ್ನ ನಮಸ್ಕಾರ.

ಇನ್ನು ಲ್ಯಾಬ್. ಮೈಕ್ರೋಬಯಾಲಜಿ ಲ್ಯಾಬ್‌ನವರ ಋಣ ತೀರಿಸಲು ನನ್ನಿಂದ ಆಗುವುದಿಲ್ಲ. ಬೆಳಗ್ಗೆ ಆರಕ್ಕೆ ಫೋನ್ ಬರುತ್ತದೆ: "ಮೇಡಂ, ಬಾಟಲ್ ಪಾಸಿಟಿವ್ ಬಂದಿದೆ. ಗ್ರಾಂ ಪಾಸಿಟಿವ್ ಕಾಕೈ, ದ್ರಾಕ್ಷಿ ಗೊಂಚಲಿನ ಹಾಗೆ ಕಾಣ್ತಿದೆ." ಅಂದರೆ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆ, ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ದುಂಡಗೆ ಕಾಣುತ್ತಿವೆ. ಪೂರ್ತಿ ರಿಪೋರ್ಟ್ ಬರಲು ಇನ್ನೂ ಒಂದೆರಡು ದಿನ ಇರುತ್ತದೆ, ಆದರೆ ಆ ಒಂದು ವಾಕ್ಯ ಸಾಕು, ನನ್ನ ಆ ದಿನದ ರೌಂಡ್ಸ್ ಆ ಬೆಡ್‌ನಿಂದಲೇ ಶುರು. ಗೊಂಚಲು ಅಂದರೆ ಸ್ಟ್ಯಾಫಿಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಅದು ಅದರಲ್ಲೇ ಅಪಾಯದ ಜಾತಿಯಾದ ಆರಿಯಸ್ ಅಂತ ಗೊತ್ತಾದರೆ ಅಷ್ಟಕ್ಕೇ ಬಿಡುವ ಹಾಗಿಲ್ಲ. ಮತ್ತೆ ಕಲ್ಚರ್ ಕಳಿಸಿ ರಕ್ತ ಸ್ವಚ್ಛ ಆಗಿದೆಯಾ ನೋಡಬೇಕು, ಹಾರ್ಟ್‌ಗೆ ಎಕೋ ಮಾಡಿಸಬೇಕು, ಬೆನ್ನುಮೂಳೆಯಲ್ಲೋ ಕೀಲಿನಲ್ಲೋ ಕೂತಿದೆಯಾ ಅಂತ ಹುಡುಕಬೇಕು. ಹಾರ್ಟ್‌ನ ವಾಲ್ವ್‌ಗೆ ಹತ್ತಿದ್ದರೆ ಸಾಮಾನ್ಯವಾಗಿ 4ರಿಂದ 6 ವಾರ ಡ್ರಿಪ್‌ನಲ್ಲೇ ಔಷಧಿ. ಫೋನ್ ಮಾಡದೆ ಸುಮ್ನೆ ಕಂಪ್ಯೂಟರಿಗೆ ಹಾಕಿ ಬಿಟ್ಟಿದ್ದರೆ ನಮಗೆ ಮಧ್ಯಾಹ್ನ ಗೊತ್ತಾಗುತ್ತಿತ್ತೇನೋ. ಆ ಕೆಲವು ಗಂಟೆಗಳಲ್ಲಿ ಉಳಿದ ಜೀವಗಳಿವೆ. ನಾನು ಕಣ್ಣಾರೆ ನೋಡಿದ್ದೇನೆ.

ಒಬ್ಬ ರೋಗಿಯ ವಿಷಯ ಹೇಳಲೇಬೇಕು. ಗುರುತು ಸಿಗದ ಹಾಗೆ ಹೇಳುತ್ತೇನೆ. ವಾರಗಟ್ಟಲೆ ಜ್ವರ, ಸಂಜೆಯಾದರೆ ಬೆವರು, ಸೊಂಟ ನೋವು, ಸ್ಕ್ಯಾನ್‌ಗಳ ದೊಡ್ಡ ಕಟ್ಟು. ಎಲ್ಲ ಪ್ರಶ್ನೆಗೂ ಇಲ್ಲ ಇಲ್ಲ ಅನ್ನುತ್ತಿದ್ದರು. ನಾನು ಎದ್ದು ಹೊರಡುವ ಹೊತ್ತಿಗೆ ಅವರ ಹೆಂಡತಿ ಮೆಲ್ಲಗೆ, "ಹಸು ಕಂದು ಹಾಕಿತ್ತಲ್ಲ, ಅವತ್ತು ಇವರೇ ಬರಿಗೈಯಲ್ಲಿ ಎಳೆದು ತೆಗೆದಿದ್ದು, ಅದೆಲ್ಲ ಹೇಳಬೇಕಾ ಡಾಕ್ಟ್ರೇ?" ಅಂದರು. ಹೇಳಬೇಕು ತಾಯಿ, ಅದನ್ನೇ ಹೇಳಬೇಕು. ಬ್ರುಸೆಲ್ಲಾ! ಹಸು ಕಂದು ಹಾಕುವಂತೆ ಮಾಡುವ, ದನಗಳಿಂದ ಮನುಷ್ಯರಿಗೂ ಹತ್ತುವ ಬ್ಯಾಕ್ಟೀರಿಯಾ. ತಕ್ಷಣ ಲ್ಯಾಬ್‌ಗೆ ಫೋನ್ ಮಾಡಿದೆ. ಯಾಕೆಂದರೆ ಈ ಬ್ಯಾಕ್ಟೀರಿಯಾ ನಿಧಾನಕ್ಕೆ ಬೆಳೆಯುತ್ತದೆ, ಜೊತೆಗೆ ಬೆಳೆದ ತಟ್ಟೆಯನ್ನು ಎಲ್ಲದರ ಹಾಗೆ ತೆರೆದ ಮೇಜಿನ ಮೇಲೆ ತೆಗೆದರೆ ಉಸಿರಿನ ಮೂಲಕ ಟೆಕ್ನಿಷಿಯನ್‌ಗೇ ಹತ್ತಬಹುದು. ಸೇಫ್ಟಿ ಕ್ಯಾಬಿನೆಟ್ ಒಳಗೇ ತೆರೆದರು, ಬೆಳೆದದ್ದೂ ಅದೇ. ಡಾಕ್ಸಿಸೈಕ್ಲಿನ್ ಜೊತೆ ಇನ್ನೊಂದು ಔಷಧಿ, ಬೆನ್ನುಮೂಳೆಗೆ ಇಳಿದಿದ್ದರಿಂದ ತಿಂಗಳುಗಟ್ಟಲೆ. ಆಮೇಲೆ ಅವರು ನಡೆದುಕೊಂಡೇ ಕ್ಲಿನಿಕ್‌ಗೆ ಬಂದರು. ಆ ಅಮ್ಮನಿಗೆ ಇಲ್ಲಿಂದಲೇ ಥ್ಯಾಂಕ್ಸ್. ರೋಗ ಕಂಡುಹಿಡಿದದ್ದು ನೀವು.

ನಮಗೆ ನಿಜ ಹೇಳಿದ ಎಲ್ಲ ರೋಗಿಗಳಿಗೂ ಇದೇ ಮಾತು. ಎಲ್ಲಿಗೆ ಹೋಗಿದ್ದಿರಿ, ಏನು ಕುಡಿದಿರಿ, ಯಾರ ಜೊತೆ ಮಲಗಿದಿರಿ, ಸೂಜಿ ಚುಚ್ಚಿಕೊಂಡಿದ್ದೀರಾ ಅಂತ ನಾವು ಮೊದಲ ಭೇಟಿಯಲ್ಲೇ ಕೇಳಿಬಿಡುತ್ತೇವೆ. ಸ್ವಂತ ಮನೆಯವರಿಗೂ ಹೇಳದ್ದನ್ನು ನೀವು ನಮಗೆ ಹೇಳಿದಿರಿ. ಅದು ಸಣ್ಣ ನಂಬಿಕೆ ಅಲ್ಲ. ಅದರಲ್ಲೂ ಎಚ್‌ಐವಿ ಕ್ಲಿನಿಕ್‌ನವರು. ನಾನು ಕಲಿಯುತ್ತಿದ್ದ ಕಾಲದಲ್ಲಿ ನಿಮಗೆ ಕೊಡಲು ನಮ್ಮ ಹತ್ತಿರ ಹೆಚ್ಚೇನೂ ಇರಲಿಲ್ಲ, ಕೈ ಹಿಡಿದುಕೊಂಡು ಕೂತ ದಿನಗಳೇ ಜಾಸ್ತಿ. 1996ರ ಹೊತ್ತಿಗೆ ಮೂರು ಔಷಧಿ ಒಟ್ಟಿಗೆ ಕೊಡುವುದು ಬಂತು, ಸಾಯುತ್ತಾರೆ ಅಂತ ಅಂದುಕೊಂಡವರು ಎದ್ದು ಕೂತರು. 2011ರಲ್ಲಿ, ಬೇಗ ಔಷಧಿ ಶುರು ಮಾಡಿದರೆ ಸಂಗಾತಿಗೆ ಹರಡುವುದು ಶೇ 90ಕ್ಕಿಂತ ಜಾಸ್ತಿ ಕಡಿಮೆ ಆಗುತ್ತದೆ ಅಂತ ದೊಡ್ಡ ಅಧ್ಯಯನವೊಂದು ತೋರಿಸಿತು. ಈಗ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದಿದ್ದರೆ ಲೈಂಗಿಕ ಸಂಬಂಧದಿಂದ ಹರಡುವುದಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ನಿಮ್ಮ ಮದುವೆ, ಮಕ್ಕಳು, ಮಕ್ಕಳ ಪರೀಕ್ಷೆಯ ಮಾರ್ಕ್ಸು, ಎಲ್ಲದರ ಸುದ್ದಿ ತಂದು ನನಗೆ ಕೊಟ್ಟಿರಿ. ಆ ಔಷಧಿಗಳು ಬರುವ ಮುಂಚೆ ಹೋದವರನ್ನೂ ನಾನು ಮರೆತಿಲ್ಲ.

ಟಿಬಿ ಮಾತ್ರೆ ಆರು ತಿಂಗಳು ನುಂಗಿ ಮುಗಿಸಿದವರೇ, ನಿಮ್ಮನ್ನು ಯಾರೂ ಸಭೆ ಕರೆದು ಹೊಗಳುವುದಿಲ್ಲ. ಎರಡನೇ ತಿಂಗಳಿಗೇ ಹುಷಾರಾಗಿರುತ್ತೀರಿ, ಆದರೂ ಉಳಿದ ನಾಲ್ಕು ತಿಂಗಳು ಬಿಡದೆ ನುಂಗಿದಿರಿ. ಮನೆಯವರು, ಅಕ್ಕಪಕ್ಕದವರು ಎಲ್ಲ ಅದರಿಂದ ಉಳಿದರು.

ಜೊತೆಯ ಸರ್ಜನ್‌ಗಳಿಗೆ, ಫಿಸಿಷಿಯನ್‌ಗಳಿಗೆ, ಫಾರ್ಮಸಿಯವರಿಗೆ: ನಿಮ್ಮ ರೋಗಿಗೆ ಬೇಡದ ಆಂಟಿಬಯೋಟಿಕ್ ನಿಲ್ಲಿಸಿ ಅಂತ ನಾನು ಬಂದು ಹೇಳಿದಾಗ ಸಿಟ್ಟು ಬಂದಿದ್ದರೂ ಕೇಳಿದಿರಿ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲಿ ನೊಬೆಲ್ ತೆಗೆದುಕೊಳ್ಳುವಾಗಲೇ, ಕಡಿಮೆ ಡೋಸ್ ಕೊಟ್ಟರೆ ಬ್ಯಾಕ್ಟೀರಿಯಾ ಬಗ್ಗದಂತಾಗುತ್ತವೆ ಅಂತ ಎಚ್ಚರಿಸಿದ್ದರು. 2019 ಒಂದೇ ವರ್ಷದಲ್ಲಿ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅನ್ನುವುದು ತಜ್ಞರ ಅಂದಾಜು. ಐಸಿಯುನಲ್ಲಿ, ಬ್ಯಾಕ್ಟೀರಿಯಾ ಯಾವ ಔಷಧಿಗೆ ಬಗ್ಗುತ್ತದೆ ಅಂತ ತಿಳಿಸುವ ಸೆನ್ಸಿಟಿವಿಟಿ ರಿಪೋರ್ಟ್ ತೆರೆದು ಮೇಲಿಂದ ಕೆಳಗಿನವರೆಗೆ "ಆರ್, ಆರ್, ಆರ್" (ರೆಸಿಸ್ಟೆಂಟ್, ಅಂದರೆ ಬಗ್ಗುವುದಿಲ್ಲ) ಅಂತ ಓದಿದವರಿಗೆ ಆ ಅಂಕಿ ಬರೀ ಅಂಕಿ ಅಲ್ಲ. ಅದಕ್ಕೇ ನಾನು ಅಷ್ಟು ಹಟ ಹಿಡಿದೆ.

ವಾರ್ಡ್ ತೊಳೆದವರು, ಬಟ್ಟೆ ಒಗೆದವರು, ಐಸೊಲೇಷನ್ ರೂಮಿನ ಕಸ ಎತ್ತಿದವರು, ಕೋವಿಡ್ ಮೊದಲ ಅಲೆಯಲ್ಲಿ ನಾವೆಲ್ಲ ಬಾಗಿಲಲ್ಲಿ ನಿಂತು ಗೌನ್ ಸರಿ ಮಾಡಿಕೊಳ್ಳುವಾಗ ನೀವು ಆಗಲೇ ಒಳಗಿದ್ದಿರಿ. ಹೊಗಳಿಕೆ ಮಾತ್ರ ನಮಗೆ ಜಾಸ್ತಿ ಸಿಕ್ಕಿತು, ಅದು ಸರಿಯಲ್ಲ.

ಆ ದಿನಗಳಲ್ಲಿ ನನಗೆ ಬಲ ಕೊಟ್ಟ ಇನ್ನೊಂದು ಹೆಸರು ಡಾ. ಅಮೆಯೊ ಅಡಾಡೆವೊ. 2014ರಲ್ಲಿ ನೈಜೀರಿಯಾದ ಲಾಗೋಸ್‌ನಲ್ಲಿ, ಮಲೇರಿಯಾ ಅಂತ ದಾಖಲಾಗಿದ್ದ ರೋಗಿಗೆ ಎಬೋಲಾ ಇರಬಹುದು ಅಂತ ಅನುಮಾನಪಟ್ಟವರು ಅವರು. ಬಿಟ್ಟುಬಿಡಿ ಅಂತ ಎಷ್ಟು ಒತ್ತಡ ಬಂದರೂ ಆ ರೋಗಿಯನ್ನು ಹೊರಗೆ ಕಳಿಸಲಿಲ್ಲ. ಅದೇ ರೋಗದಿಂದ ಆಗಸ್ಟ್‌ನಲ್ಲಿ ತೀರಿಕೊಂಡರು. ಅಷ್ಟು ದೊಡ್ಡ ದೇಶದಲ್ಲಿ ಒಟ್ಟು 20 ಜನರಿಗೆ ಹತ್ತಿ, ಅಕ್ಟೋಬರ್‌ಗೆ ನಿಂತುಹೋಯಿತು. ಅವರನ್ನು ನಾನು ಯಾವತ್ತೂ ಭೇಟಿಯಾಗಿಲ್ಲ. ಆದರೂ ಅವರಿಗೆ ಕೃತಜ್ಞತೆ ಹೇಳದೆ ಈ ಬರಹ ಮುಗಿಸಲು ಮನಸ್ಸಿಲ್ಲ.

ಮನೆಯವರಿಗೆ ಮನೆಯಲ್ಲೇ ಹೇಳುತ್ತೇನೆ. ಕಿರಿಯ ಡಾಕ್ಟರ್‌ಗಳೇ, ನಿಮ್ಮ ಪ್ರಶ್ನೆಗಳಿಂದ ನಾನು ಓದುವುದು ಬಿಡಲಿಲ್ಲ. ಲ್ಯಾಬ್‌ನವರ ನಂಬರ್ ನನ್ನ ಫೋನ್‌ನಲ್ಲಿ ಮೊದಲನೆಯದಾಗಿತ್ತು, ನೀವೂ ಹಾಗೇ ಇಟ್ಟುಕೊಳ್ಳಿ. ಬ್ರುಸೆಲ್ಲಾ ಅನುಮಾನ ಬಂದರೆ ಫಾರಂನಲ್ಲಿ ಬರೆದು, ಫೋನೂ ಮಾಡಿ.

ಇನ್ನು ನನ್ನ ಹತ್ತಿರ ಫಾಲೋಅಪ್‌ನಲ್ಲಿರುವವರು ಗಾಬರಿ ಆಗಬೇಡಿ. ನಿಮ್ಮ ಒಂದೊಂದು ಫೈಲನ್ನೂ ಹೊಸ ಡಾಕ್ಟರ್ ಜೊತೆ ಕೂತು ನೋಡಿದ್ದೇನೆ, ತಾರೀಖು ಯಾವುದೂ ಬದಲಾಗಿಲ್ಲ. ಅವರೂ ಮುಜುಗರದ ಪ್ರಶ್ನೆಗಳನ್ನೇ ಕೇಳುತ್ತಾರೆ, ನನಗೆ ಹೇಳಿದ ಹಾಗೆಯೇ ಅವರಿಗೂ ಹೇಳಿ. ಮಾತ್ರೆ ಮುಗಿಯುವ ಮುಂಚೆಯೇ ಬನ್ನಿ.