ಜ್ವರದ ಕಾವು ವೈರಸ್ಸನ್ನು ಸುಡುತ್ತದೆಯೇ: ಅಪ್ಪನಿಗೊಂದು ಪತ್ರ

ಪಾಷಾಣ, ಪುಣೆ

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮವಾಗಿದ್ದೇನೆ. ಜ್ವರವನ್ನು ಹಾಗೆಯೇ ಬಿಟ್ಟರೆ ಅದರ ಕಾವಿಗೆ ವೈರಸ್ ತಾನಾಗಿ ಸಾಯುತ್ತದೆಂದು ಊರಿನಲ್ಲಿ ಹೇಳುತ್ತಿರುವುದು ನಿಜವೇ ಎಂದು ಕೇಳಿದ್ದೀರಿ. ನನ್ನ ಕೆಲಸವೇ ಇದರ ಸುತ್ತ ಇರುವುದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ಪ್ರಯೋಗಾಲಯದಲ್ಲಿ ಮನುಷ್ಯರ ಜೀವಕೋಶಗಳನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸುತ್ತೇವೆ. ಅದನ್ನು 42 ಡಿಗ್ರಿಗೆ ಏರಿಸಿದರೆ ಕೋಶದೊಳಗಿನ ಪ್ರೋಟೀನುಗಳು ತಮ್ಮ ಆಕಾರ ಕಳೆದುಕೊಂಡು, ಒಡೆದ ಹಾಲಿನಂತೆ ಗಂಟುಗಟ್ಟತೊಡಗುತ್ತವೆ. ಆಗ ಕೋಶವು ಉಳಿದ ಪ್ರೋಟೀನುಗಳ ತಯಾರಿಕೆಯನ್ನು ತಗ್ಗಿಸಿ, ಕೆಟ್ಟ ಆಕಾರವನ್ನು ಸರಿಪಡಿಸುವ ಹೀಟ್ ಶಾಕ್ ಪ್ರೋಟೀನುಗಳನ್ನು ಹೇರಳವಾಗಿ ಉತ್ಪಾದಿಸುತ್ತದೆ. ಇಟಲಿಯ ವಿಜ್ಞಾನಿ ಫೆರುಚ್ಚೊ ರಿಟೊಸ್ಸಾ ಅವರು ಶಾಖ ತಗುಲಿದ ಹಣ್ಣುನೊಣದ ವರ್ಣತಂತುಗಳು ಅಲ್ಲಲ್ಲಿ ಉಬ್ಬುವುದನ್ನು 1962ರಲ್ಲಿ ಪ್ರಕಟಿಸಿದ್ದರಿಂದ ಈ ಅಧ್ಯಯನ ಮೊದಲಾಯಿತು.

ವೈರಸ್ ಹೊಕ್ಕ ಕೋಶದಲ್ಲಿ ಈ ರಕ್ಷಣೆಯೇ ಶತ್ರುವಿಗೂ ಒದಗುತ್ತದೆ. ನನ್ನನ್ನು ಬಹಳವಾಗಿ ಕಾಡುವ ಸಂಗತಿ ಇದು. ಡೆಂಗಿ ವೈರಸ್ ತನ್ನ ಜೀವನಚಕ್ರದ ಹಲವು ಹಂತಗಳಲ್ಲಿ ಎಚ್‌ಎಸ್‌ಪಿ70 ಎಂಬ ಹೀಟ್ ಶಾಕ್ ಪ್ರೋಟೀನನ್ನು ದುಡಿಸಿಕೊಳ್ಳುತ್ತದೆ. ಇನ್‌ಫ್ಲುಯೆಂಜಾ ತನ್ನ ಆರ್‌ಎನ್‌ಎಯನ್ನು, ಅಂದರೆ ತನ್ನ ವಂಶವಾಹಿ ವಸ್ತುವನ್ನು, ನಕಲು ಮಾಡುವ ಕಿಣ್ವವನ್ನು ಜೋಡಿಸಿಕೊಳ್ಳಲು ಎಚ್‌ಎಸ್‌ಪಿ90 ಎಂಬ ಇನ್ನೊಂದು ಹೀಟ್ ಶಾಕ್ ಪ್ರೋಟೀನಿನ ನೆರವು ಪಡೆಯುತ್ತದೆ. ನೆಗಡಿ, ಕಣ್ಣುಬೇನೆ ತರುವ ಅಡೆನೋವೈರಸ್ಸಂತೂ ಶಾಖವೇ ಇಲ್ಲದಿದ್ದರೂ ಕೋಶದಿಂದ ಎಚ್‌ಎಸ್‌ಪಿ70 ತಯಾರಿಸಿಕೊಳ್ಳಬಲ್ಲದು. ನರಗಳಲ್ಲಿ ಅಡಗಿರುವ ಹರ್ಪಿಸ್ ವೈರಸ್ ಜ್ವರ ಬಂದಾಗಲೇ ಎಚ್ಚೆತ್ತು ತುಟಿಯ ಮೇಲೆ ಗುಳ್ಳೆ ಎಬ್ಬಿಸುವುದನ್ನು ನೀವೂ ನೋಡಿರುತ್ತೀರಿ.

ಹಾಗೆಂದು ಊರಿನವರ ಮಾತು ಪೂರ್ತಿ ಸುಳ್ಳೂ ಅಲ್ಲ. ನೆಗಡಿ ತರುವ ರೈನೋವೈರಸ್ಸುಗಳಲ್ಲಿ ಹೆಚ್ಚಿನವು 33ರಿಂದ 35 ಡಿಗ್ರಿಯಲ್ಲಿ, ಅಂದರೆ ಮೂಗಿನ ತಂಪಿನಲ್ಲಿ, ಚೆನ್ನಾಗಿ ಬೆಳೆಯುತ್ತವೆ. ಪೋಲಿಯೋ ವೈರಸ್ಸಿನ ಮೇಲೆ ದುಡಿದ ಫ್ರಾನ್ಸಿನ ಆಂದ್ರೆ ಲ್ವೋಫ್ ಅವರು, ತಾಪ ಏರಿದಾಗ ಅದರ ವೃದ್ಧಿ ಕುಗ್ಗುವುದನ್ನು ಕಂಡು, ಜ್ವರವೂ ದೇಹದ ಒಂದು ರಕ್ಷಣೆಯೆಂದು ವಾದಿಸಿದ್ದರು. ಆದರೆ ಕಾವು ಎಷ್ಟು, ವೈರಸ್ ಯಾವುದು, ಸೋಂಕಿನ ಯಾವ ಹಂತದಲ್ಲಿ ಶಾಖ ತಗುಲಿತು ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ. ಗಾಜಿನ ತಟ್ಟೆಯ ಕೋಶಕ್ಕೆ ಕೊಡುವ 42 ಡಿಗ್ರಿಯನ್ನು ಮನುಷ್ಯರ ದೇಹ ಏರಿಸಿಕೊಂಡರೆ ಪ್ರಾಣಕ್ಕೇ ಅಪಾಯ.

ನಮ್ಮ ಸೀಮೆಗೆ ಇದು ದೂರದ ವಿಷಯವಲ್ಲ. ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತಾಗ, 1957ರಲ್ಲಿ ಮಂಗನ ಕಾಯಿಲೆಯ ವೈರಸ್ಸನ್ನು ಗುರುತಿಸಿದ್ದು ಇದೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. ಅದು ಡೆಂಗಿಯ ಕುಟುಂಬಕ್ಕೇ ಸೇರಿದ್ದು. ಆದ್ದರಿಂದ ತೋಟಕ್ಕೋ ಕಾಡಂಚಿಗೋ ಹೋಗಿಬಂದವರಿಗೆ ಜೋರು ಜ್ವರ ಬಂದರೆ, ಕಾವು ತಾನೇ ಕೆಲಸ ಮಾಡಲೆಂದು ಕಾಯಬಾರದು. ಅಂದೇ ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಬೇಕು. ವೈದ್ಯರು ಹೇಳಿದಂತೆ ಪ್ಯಾರಾಸಿಟಮಾಲ್ ಕೊಡಬಹುದು. ಡೆಂಗಿಯಲ್ಲಿ ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್ ಮಾತ್ರ ಬೇಡವೇ ಬೇಡ. ಅಮ್ಮನಿಗೂ ಚಿಕ್ಕಪ್ಪನವರಿಗೂ ಇದನ್ನು ಓದಿ ಹೇಳಿ.

ಇಂತಿ ನಿಮ್ಮ ಪ್ರೀತಿಯ ಮಗಳು