ಟೈ ಪಟ್ಟಿಯ ಕ್ಲಿಪ್ಪು ಬದಲಾಗಿದೆ, ದರವೂ

ನಮ್ಮ ಗ್ರಾಹಕರಿಗೆ ನಮಸ್ಕಾರ.

ಟೈ ಪಟ್ಟಿ ಎಂದರೆ ಕಾಲರ್ ಗುಂಡಿಯಿಂದ ಇಳಿಬಿಡುವ, ಇಂಚಿನ ಅಂಕಿಗಳಿರುವ ಪಟ್ಟಿ; ಟೈ ಕಟ್ಟುವ ಮೊದಲು ಅದರ ಸಣ್ಣ ತುದಿ ಎಲ್ಲಿರಬೇಕೆಂದು ಪಟ್ಟಿಯ ಮೇಲೆ ಸರಿಯುವ ಕ್ಲಿಪ್ಪು ತೋರಿಸುತ್ತದೆ. ಈ ತಿಂಗಳಿಂದ ಅದಕ್ಕೆ 60 ಅಲ್ಲ, 85 ರೂಪಾಯಿ. ಹಳೆಯ ಕ್ಲಿಪ್ಪು ನಿಕ್ಕಲ್ ಲೇಪದ ಕಬ್ಬಿಣದ್ದು. ನಮ್ಮೂರ ಮಳೆಗಾಲದಲ್ಲಿ ಕ್ಲಿಪ್ಪು ಸಮೇತ ಟೈಯನ್ನು ಕಪಾಟಿನಲ್ಲಿಟ್ಟವರಿಗೆ ತುದಿಯಲ್ಲಿ ಕಂದು ಕಲೆ ಕಂಡಿದೆ. ಲೇಪ ಮೊದಲು ಏಳುವುದು ಹಲ್ಲಿನ ಮೊನೆಯಲ್ಲಿ, ಬಟ್ಟೆ ಕಚ್ಚುವುದೂ ಅಲ್ಲೇ. ತಪ್ಪು ನಮ್ಮದು, ಕ್ಷಮಿಸಿ. ಈಗಿನದು ಹಲ್ಲಿಲ್ಲದ, 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು.

"ಒಂದು ಕ್ಲಿಪ್ಪಿಗೆ 25 ರೂಪಾಯಿಯಾ?" ಎಂದು ದಿನಕ್ಕೆ ನಾಲ್ಕು ಜನ ಕೇಳುತ್ತಾರೆ. ಕ್ಲಿಪ್ಪಿಗೆ 14. ಅಂಕಿಗಳಿಗೆ 8: ಮೊದಲು ಶಾಯಿಯಲ್ಲಿದ್ದವು, ಬೆವರಿದ ಕೈಗೆ ಅಳಿಸುತ್ತಿದ್ದವು, ಈಗ ಲೇಸರಿನಲ್ಲಿ ಕೊರೆಸುತ್ತೇವೆ. ಪ್ಯಾಕಿಂಗಿಗೆ 3. ನಮ್ಮ ಲಾಭ ಮೊದಲಿನಷ್ಟೇ ಮಾರಾಯ್ರೆ. ಸಿಕ್ಕಿದ್ದೆಲ್ಲ ಮಾರುವವರು ನಾವಾಗಿದ್ದರೆ, ಗಂಟು ಮೊದಲೇ ಕಟ್ಟಿರುವ ಶಾಲೆಯ ಎಲಾಸ್ಟಿಕ್ ಟೈಗೆ ಪಟ್ಟಿ ಕೇಳಿ ಬಂದವರನ್ನು "ಅದಕ್ಕೆ ಇದು ಬೇಡ" ಎಂದು ವಾಪಸ್ ಕಳಿಸುತ್ತಿರಲಿಲ್ಲ.

ಇನ್ನು ಎಲ್ಲರೂ ಹೇಳುವ ದೂರು: "ಅದೇ ನಂಬರಿಗೆ ಇಟ್ಟರೂ ಒಂದು ದಿನ ಸರಿ, ಇನ್ನೊಂದು ದಿನ ಗಿಡ್ಡ." ಪಟ್ಟಿ ಸುಳ್ಳು ಹೇಳುವುದಿಲ್ಲ, ಬದಲಾಗಿರುವುದು ಟೈ ಅಥವಾ ಗಂಟು. ಅಂಗಡಿಯ ಟೈ ಸಾಮಾನ್ಯವಾಗಿ 57–58 ಇಂಚು ಇರುತ್ತದೆ, ಆದರೆ ಒಳಗಿನ ಕ್ಯಾನ್ವಾಸು ದಪ್ಪವಿದ್ದರೆ ಗಂಟು ಹೆಚ್ಚು ಉದ್ದ ತಿನ್ನುತ್ತದೆ. ಗಂಟುಗಳಲ್ಲಿ ಸರಳವಾದ ಫೋರ್-ಇನ್-ಹ್ಯಾಂಡಿಗಿಂತ ಹಾಫ್ ವಿಂಡ್ಸರ್ ಹೆಚ್ಚು ತಿನ್ನುತ್ತದೆ, ಫುಲ್ ವಿಂಡ್ಸರ್ ಅದಕ್ಕಿಂತಲೂ. ಹಾಗಾಗಿ ಟೈಗೊಂದು, ಗಂಟಿಗೊಂದು ನಂಬರು.

ನಿಮ್ಮ ನಂಬರನ್ನು ನಿಂತುಕೊಂಡೇ ನೋಡಿ. ಪಟ್ಟಿಯ ಮೇಲ್ತುದಿಯ ಕಚ್ಚನ್ನು (ಸೀಳನ್ನು) ಕಾಲರ್ ಗುಂಡಿಗೆ ಸಿಕ್ಕಿಸಿ, ಟೈಯ ಸಣ್ಣ ತುದಿಯನ್ನು ಕ್ಲಿಪ್ಪಿನ ಮಟ್ಟಕ್ಕೆ ತನ್ನಿ, ಟೈಯ ಆ ಬದಿ ಸರಿಯದಂತೆ ಬೆರಳಲ್ಲಿ ಒತ್ತಿಹಿಡಿದು ಪಟ್ಟಿ ತೆಗೆದುಬಿಡಿ. ತೆಗೆಯದಿದ್ದರೆ ಪಟ್ಟಿ ಗಂಟಿನೊಳಗೆ ಸಿಕ್ಕಿಕೊಳ್ಳುತ್ತದೆ. ಕಟ್ಟಿದ ಮೇಲೆ ಅಗಲದ ತುದಿ ಬೆಲ್ಟಿನ ಬಕಲ್ಲಿಗೆ ಮುಟ್ಟಬೇಕು. ಒಂದು ಇಂಚು ಗಿಡ್ಡವಾದರೆ ಕ್ಲಿಪ್ಪನ್ನು ಒಂದೇ ಇಂಚು ಮೇಲಕ್ಕೆ, 13ರಿಂದ 12ಕ್ಕೆ. ಸಣ್ಣ ತುದಿಯಲ್ಲಿ ಉಳಿಸಿದ್ದು ಅಷ್ಟೂ ಅಗಲದ ತುದಿಗೆ ಹೋಗುತ್ತದೆ. ಬಹಳ ಮಂದಿ ಕೆಳಕ್ಕೆ ಸರಿಸಿ ಇನ್ನೂ ಗಿಡ್ಡ ಮಾಡಿಕೊಳ್ಳುತ್ತಾರೆ. ಪ್ಯಾಂಟು ಸೊಂಟದಿಂದ ಕೆಳಗೆ ಹಾಕಿದ ದಿನ ಬಕಲ್ಲೂ ಇಳಿದಿರುತ್ತದೆ, ಅದನ್ನೂ ನೋಡಿಕೊಳ್ಳಿ.

ಹಳೆಯ ಪಟ್ಟಿ ಎಸೆಯಬೇಡಿ. 20 ರೂಪಾಯಿಗೆ ಕ್ಲಿಪ್ಪು ಮಾತ್ರ ಬದಲಿಸುತ್ತೇವೆ, ಟೈಗೆ ಕಲೆಯಾದವರಿಗೆ ಪುಕ್ಕಟೆ. ಟೈಯನ್ನೂ ತನ್ನಿ: ಕನ್ನಡಿ ಎದುರು ನಿಲ್ಲಿಸಿ, ನಿಮ್ಮ ಗಂಟಿನ ನಂಬರನ್ನು ಪಟ್ಟಿಯ ಬೆನ್ನಿಗೆ ಬರೆದುಕೊಡುತ್ತೇವೆ. ಸಂಜೆ 7ರ ವರೆಗೆ ಇರುತ್ತೇವೆ, ಭಾನುವಾರ ರಜೆ.

ಇಂತಿ,
ನಿಮ್ಮ ಅಂಗಡಿಯವರು
ಹಂಪನಕಟ್ಟೆ, ಮಂಗಳೂರು