ಮಾಚು ಪಿಚು ಫೋಟೋದಲ್ಲಿ ಇಲ್ಲದೋರ ಬಗ್ಗೆನೂ ಬರೀರಿ

ಸಂಪಾದಕರಿಗೆ ನಮಸ್ಕಾರ,

ಪ್ರವಾಸದ ಪುಟದಲ್ಲಿ ಮಾಚು ಪಿಚು ಬಗ್ಗೆ ಏನೇ ಬಂದ್ರೂ ಅದೇ ಫೋಟೋ ಇರುತ್ತೆ, ಹಿಂದೆ ಚೂಪು ಬೆಟ್ಟ, ಮುಂದೆ ಕೈ ಎತ್ಕೊಂಡು ನಿಂತಿರೋ ಟ್ರೆಕ್ಕರ್. ಈಚೆಗೆ ನಾವು ಹನ್ನೆರಡು ಜನ ಪೆರುವಿನಲ್ಲಿ ಇಂಕಾ ಜನರ ಹಳೇ ಊರು ಮಾಚು ಪಿಚುಗೆ ಹೋಗೋ ಇಂಕಾ ಟ್ರೇಲ್ ಅನ್ನೋ ಬೆಟ್ಟದ ದಾರಿ ನಡೆದು ಮುಗಿಸಿ ಬಂದ್ವಿ, ಅಂಥದ್ದೇ ಒಂದು ಫೋಟೋ ನನ್ನ ಹತ್ರನೂ ಇದೆ. ಆದ್ರೆ ಅದನ್ನ ನೋಡಿದಾಗೆಲ್ಲ ಅದರಲ್ಲಿ ಇಲ್ಲದೋರೇ ನೆನಪಾಗ್ತಾರೆ, ಅದಕ್ಕೇ ಈ ಪತ್ರ.

ನಾಲ್ಕು ದಿನ, ಸುಮಾರು 42 ಕಿಲೋಮೀಟರ್. ರೈಲ್ವೆ ಲೈನ್‌ನ 82ನೇ ಕಿಲೋಮೀಟರ್ ಅನ್ನೋ ಜಾಗದಲ್ಲಿ ನಡಿಗೆ ಶುರು. ಅಲ್ಲಿನ ಚೆಕ್‌ಪೋಸ್ಟಲ್ಲಿ ನಮ್ಮ ಪಾಸ್‌ಪೋರ್ಟು, ಪರ್ಮಿಟ್ಟು ನೋಡ್ತಾರೆ, ನಮ್ಮ ಸಾಮಾನು ಹೊರೋ ಪೋರ್ಟರ್‌ಗಳ ಮೂಟೆಗಳನ್ನ ಒಂದೊಂದಾಗಿ ತೂಕಕ್ಕೆ ಹಾಕ್ತಾರೆ. ಒಬ್ಬರ ಹೊರೆ 20 ಕೆಜಿ ದಾಟಬಾರದು ಅಂತ 2001ರಲ್ಲಿ ಪೋರ್ಟರ್‌ಗಳಿಗೋಸ್ಕರ ಕಾನೂನು ಮಾಡಿದ್ಮೇಲೆ ಬಂದ ಪದ್ಧತಿ ಇದು. ಆ ದಾರೀಲಿ ದಿನಕ್ಕೆ 500 ಜನಕ್ಕೆ ಮಾತ್ರ ಪರ್ಮಿಟ್, ಅದರಲ್ಲಿ ಟ್ರೆಕ್ಕರ್‌ಗಳು 200ರ ಆಸುಪಾಸು, ಮಿಕ್ಕೋರೆಲ್ಲ ಗೈಡು, ಅಡುಗೆಯೋರು, ಪೋರ್ಟರ್‌ಗಳು. ಅಂದ್ರೆ ಅರ್ಧಕ್ಕಿಂತ ಜಾಸ್ತಿ ಜನ ಅವರೇ, ನಮ್ಮ ಬರಹಗಳಲ್ಲಿ ಮಾತ್ರ ಅವರು ಕಾಣಲ್ಲ.

ಎರಡನೇ ದಿನ 4,215 ಮೀಟರ್ ಎತ್ತರದ ಘಾಟಿ ಹತ್ತಬೇಕು, ಸತ್ತ ಹೆಂಗಸಿನ ಘಾಟಿ ಅಂತ ಅದರ ಹೆಸರು. ಹತ್ತು ಮೆಟ್ಲು ಹತ್ತೋದು, ನಿಂತು ಉಸಿರು ಎಳ್ಕೊಳ್ಳೋದು, ಮತ್ತೆ ಹತ್ತು ಮೆಟ್ಲು. ಹಿಂದಿನಿಂದ ಯಾರಾದ್ರೂ "ಪೋರ್ಟರ್!" ಅಂತ ಕೂಗಿದ ತಕ್ಷಣ ನಾವೆಲ್ಲ ಬೆಟ್ಟದ ಕಡೆ ಸರಿದು ಕಲ್ಲಿಗೆ ಒರಗಿ ದಾರಿ ಬಿಡಬೇಕು. ನನ್ನ ಮೊಣಕೈ ಪಕ್ಕದಲ್ಲೇ ಒಬ್ಬರು ದಾಟಿ ಹೋದ್ರು, ಬೆನ್ನ ಮೇಲೆ ಗ್ಯಾಸ್ ಸಿಲಿಂಡರ್, ಅದರ ಮೇಲೆ ಮಡಚಿ ಕಟ್ಟಿದ ಟೇಬಲ್ಲು, ದವಡೇಲಿ ಕೋಕಾ ಎಲೆ, ಕಾಲಿಗೆ ಟೈರ್ ಕತ್ತರಿಸಿ ಮಾಡಿದ ಚಪ್ಪಲಿ. ವಯಸ್ಸು ಐವತ್ತರ ಮೇಲಿತ್ತು ಅನ್ಸುತ್ತೆ. ನಾವು ಸಂಜೆ ಕ್ಯಾಂಪ್ ತಲುಪೋ ಹೊತ್ತಿಗೆ ಅವರೆಲ್ಲ ಟೆಂಟ್ ಹಾಕಿ, ಬೇಸಿನ್‌ಗಳಲ್ಲಿ ಬಿಸಿನೀರು ಇಟ್ಟು, ಸಾಲಾಗಿ ನಿಂತು ನಮಗೆ ಚಪ್ಪಾಳೆ ಹೊಡೆದ್ರು. ನನಗೆ ಅವರ ಮುಖ ನೋಡೋಕಾಗ್ಲಿಲ್ಲ.

ಅವತ್ತು ರಾತ್ರಿ ಊಟ ಆದ್ಮೇಲೆ ಊಟದ ಟೆಂಟಲ್ಲೇ ಇಸ್ಪೀಟು ಆಡ್ಕೊಂಡು ತುಂಬಾ ಹೊತ್ತು ಕೂತಿದ್ವಿ. ನಾನು ಹೊರಗೆ ಬಂದು ನೋಡ್ತೀನಿ, ಆ ಕೊರೆಯೋ ಚಳೀಲಿ ಏಳೆಂಟು ಜನ ಕಂಬಳಿ ಹೊದ್ದು ನೆಲದ ಮೇಲೆ ಕೂತಿದಾರೆ. ಗೈಡ್‌ನ ಕೇಳಿದ್ರೆ, ಅವರು ಮಲಗೋದು ಆ ಊಟದ ಟೆಂಟಲ್ಲೇ, ನಾವು ಏಳ್ಲಿ ಅಂತ ಕಾಯ್ತಾ ಇದಾರೆ ಅಂದ್ರು. ನಮ್ಮನ್ನ ಕರ್ಕೊಂಡು ಹೋದ ಏಜೆನ್ಸಿ ಅವರಿಗೆ ಬೇರೆ ಟೆಂಟ್ ಕೊಟ್ಟಿರ್ಲಿಲ್ಲ, ಬುಕ್ ಮಾಡುವಾಗ ನಾವೂ ಕೇಳಿರ್ಲಿಲ್ಲ. ಮಾರನೇ ರಾತ್ರಿ ತಟ್ಟೆ ಎತ್ತಿದ ಕೂಡ್ಲೇ ಎಲ್ಲರೂ ಎದ್ವಿ, ಅಷ್ಟೇ ನಮ್ಮ ಕೈಲಾಗಿದ್ದು.

ಕೊನೇ ದಿನ ಬೆಳಗಿನ ಜಾವ ಮೂರಕ್ಕೇ ಎಬ್ಬಿಸ್ತಾರೆ. ಸೂರ್ಯೋದಯ ನೋಡೋಕೆ ಇರ್ಬೇಕು ಅಂದ್ಕೊಂಡಿದ್ದೆ, ಅದಕ್ಕಲ್ಲ, ಪೋರ್ಟರ್‌ಗಳು ಟೆಂಟ್ ಎಲ್ಲ ಬಿಚ್ಚಿ ಕಟ್ಕೊಂಡು ಕೆಳಗಿಳಿದು ಬೆಳಗಿನ ರೈಲು ಹಿಡೀಬೇಕು. ಕತ್ತಲಲ್ಲಿ ಅವರ ಭಾಷೆ ಕೆಚುವಾದಲ್ಲಿ ನಾನು ಕಲಿತಿದ್ದ ಒಂದೇ ಪದ ಹೇಳ್ದೆ, "ಸುಲ್‌ಪಾಯ್ಕಿ", ಧನ್ಯವಾದ ಅಂತ. ಅವರು ನಕ್ಕು ಹೆಡ್‌ಲ್ಯಾಂಪ್ ಬೆಳಕಲ್ಲಿ ಇಳಿದು ಹೋದ್ರು. ನಾವು ಆಮೇಲೆ ಸೂರ್ಯದ್ವಾರ ತಲುಪಿ, ಮೋಡ ಸರಿದು ಕೆಳಗೆ ಮಾಚು ಪಿಚು ಇಡೀ ಕಾಣಿಸ್ದಾಗ ಒಬ್ಬರನ್ನೊಬ್ಬರು ತಬ್ಕೊಂಡು ಅತ್ವಿ. ನಮ್ಮನ್ನ ಅಲ್ಲಿತನಕ ತಂದೋರು ಆಗ ಅಲ್ಲಿರ್ಲಿಲ್ಲ.

ಅಲ್ಲಿನ ಚರಿತ್ರೆಯಲ್ಲೂ ಹೀಗೇ ಆಗಿದೆ. ಮಾಚು ಪಿಚುನ 1911ರಲ್ಲಿ ಅಮೆರಿಕದ ಹಿರಾಮ್ ಬಿಂಗ್ಹ್ಯಾಮ್ ಕಂಡುಹಿಡಿದ್ರು ಅಂತ ಎಲ್ಲ ಕಡೆ ಬರೀತಾರೆ. ಅವರಿಗೆ ದಾರಿ ತೋರಿಸಿದ್ದು ಮೆಲ್ಚೋರ್ ಆರ್ಟೆಯಾಗ ಅನ್ನೋ ರೈತ, ಮೇಲೆ ಹೋದ್ರೆ ಅಲ್ಲಿ ಬೆಳೆ ಬೆಳೀತಿದ್ದ ಕುಟುಂಬಗಳೇ ಇದ್ವು, ಗೋಡೆ ಮೇಲೆ ಅಗಸ್ಟಿನ್ ಲಿಸಾರಾಗ ಅನ್ನೋ ಸ್ಥಳೀಯರು 1902ರಲ್ಲೇ ಇದ್ದಿಲಲ್ಲಿ ಬರೆದ ಹೆಸರಿತ್ತು. ಈ ಹೆಸರುಗಳು ಎಷ್ಟು ಜನಕ್ಕೆ ಗೊತ್ತು?

ಮುಂದಿನ ಸಲ ಈ ಟ್ರೆಕ್ ಬಗ್ಗೆ ಹಾಕುವಾಗ ಪೋರ್ಟರ್‌ಗಳ ಬಗ್ಗೆನೂ ನಾಕು ಸಾಲು ಬರೀರಿ. ಹೋಗೋ ಯೋಚನೆ ಇರೋ ಓದುಗರು ದುಡ್ಡು ಕಟ್ಟೋ ಮುಂಚೆನೇ ಏಜೆನ್ಸಿಯೋರನ್ನ ಕೇಳಿ: ಪೋರ್ಟರ್‌ಗಳಿಗೆ ಬೇರೆ ಟೆಂಟ್ ಇದೆಯಾ, ನೆಲಕ್ಕೆ ಮ್ಯಾಟ್ ಕೊಡ್ತೀರಾ, ಕಾಲಿಗೆ ಬೂಟು ಇದೆಯಾ, ಅವರು ಊಟ ಏನು ಮಾಡ್ತಾರೆ ಅಂತ. ಉತ್ತರ ಕೊಡೋಕೆ ತಡವರಿಸಿದ್ರೆ ಬೇರೆಯವರನ್ನ ನೋಡ್ಕೊಳ್ಳಿ.

ಇಂತಿ,
ನಿಮ್ಮ ಓದುಗ